ಒಡಹುಟ್ಟಿದವರ ನೆನಪು ಮತ್ತು ವಾಷಿಂಗ್ಟನ್ನಿನ ಕರಿಗೋಡೆ

ಯುದ್ಧದಲ್ಲಿ ಮಡಿದವರಿಗಾಗಿ ಕಟ್ಟಿದ ಸ್ಮಾರಕಗಳನ್ನು ಶಿಲ್ಪಕಲೆಯ ದೃಷ್ಟಿಯಿಂದ ಅಳೆಯುವವರಿದ್ದಾರೆ. ರಾಜಕೀಯದ ದೃಷ್ಟಿಯಿಂದ ಅಳೆಯುವವರು ಇನ್ನೂ ಹೆಚ್ಚು. ಆದರೆ ಸ್ಮಾರಕವು ಮೊದಲು ಸಲ್ಲಬೇಕಾದದ್ದು ಮಡಿದವನ ಮನೆಯವರಿಗೆ. ಆ ಮನೆಯವರಲ್ಲಿ ಯಾರಿಗೆ ಅದು ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ವಿಮರ್ಶಕರು ಸಾಮಾನ್ಯವಾಗಿ ಎತ್ತುವುದಿಲ್ಲ. ತಾಯಿಯ ಶೋಕಕ್ಕೂ ಹೆಂಡತಿಯ ಶೋಕಕ್ಕೂ ನಮ್ಮ ಪುರಾಣ ಕಾವ್ಯಗಳಲ್ಲಿ ಹಿಂದಿನಿಂದಲೂ ಸ್ಥಾನವುಂಟು. ಒಡಹುಟ್ಟಿದವರ ಶೋಕಕ್ಕೆ ಅಷ್ಟು ಸ್ಥಾನವಿಲ್ಲ. ಲಕ್ಷ್ಮಣ ಬಿದ್ದಾಗ ರಾಮ ಅತ್ತದ್ದು ಎಲ್ಲರಿಗೂ ಗೊತ್ತು. ಆದರೆ ಸಂಜೀವಿನಿ ಬಂತು, ಲಕ್ಷ್ಮಣ ಎದ್ದು ಕುಳಿತ, ಕಥೆ ಮುಂದೆ ಹೋಯಿತು. ಸಂಜೀವಿನಿ ಬಾರದ ಮನೆಗಳಲ್ಲಿ ತಮ್ಮನೋ ತಂಗಿಯೋ ಮುಂದಿನ ನಲವತ್ತು ಐವತ್ತು ವರ್ಷ ಏನನ್ನು ಹೊತ್ತು ಬಾಳುತ್ತಾರೆ ಎಂಬುದನ್ನು ಕಾವ್ಯವೂ ಹೆಚ್ಚಾಗಿ ಹೇಳಲಿಲ್ಲ, ಕಲ್ಲೂ ಹೇಳಲಿಲ್ಲ.

ಈ ಲೇಖನದಲ್ಲಿ ನಾವು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿರುವ ವಿಯೆಟ್ನಾಮ್ ಯೋಧರ ಸ್ಮಾರಕವನ್ನು ಈ ಒಂದು ದೃಷ್ಟಿಯಿಂದ ಪರಿಶೀಲಿಸಲು ಬಯಸುತ್ತೇವೆ. ಅದರಲ್ಲೂ ಹೆಲಿಕಾಪ್ಟರಿನ ಸಿಬ್ಬಂದಿಯಾಗಿ ಹೋಗಿ ಮಡಿದವನೊಬ್ಬನ ಅಣ್ಣತಮ್ಮಂದಿರೋ ಅಕ್ಕತಂಗಿಯರೋ ಆ ಗೋಡೆಯ ಮುಂದೆ ನಿಂತರೆ ಅವರಿಗೆ ಅದು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದೇ ನಮ್ಮ ವಿಚಾರ. ವಾಷಿಂಗ್ಟನ್ನಿಗೆ ನಾವು ಹೋದವರಲ್ಲ. ಚಿತ್ರಗಳಿಂದ, ಪ್ರಕಟವಾದ ದಾಖಲೆಗಳಿಂದ ತಿಳಿದದ್ದನ್ನೇ ಆಧಾರವಾಗಿಟ್ಟುಕೊಂಡಿದ್ದೇವೆ. ದೂರದೇಶದ ಆ ಗೋಡೆಯ ಗೊಡವೆ ದೆಹಲಿಯ ಕನ್ನಡಿಗರಿಗೆ ಏಕೆ ಎಂದು ಓದುಗರು ಕೇಳಬಹುದು. ಕಾರಣ ಎರಡು. ಒಂದು, ಆ ಗೋಡೆಯ ಕಲ್ಲು ನಮ್ಮ ನಾಡಿನದು. ಇನ್ನೊಂದು, ಸೈನ್ಯಕ್ಕೆ ಮಕ್ಕಳನ್ನು ಕೊಟ್ಟ ಮನೆಗಳು ನಮ್ಮ ನಡುವೆಯೂ ಇವೆ. ಹೋದವರನ್ನು ಹೇಗೆ ನೆನೆಯಬೇಕು ಎಂಬುದು ನಮಗೂ ಬೇಕಾದ ಪ್ರಶ್ನೆಯೇ.

ಮೊದಲು ಹೆಲಿಕಾಪ್ಟರಿನ ಮಾತು. ವಿಯೆಟ್ನಾಮ್ ಯುದ್ಧವನ್ನು ಹೆಲಿಕಾಪ್ಟರ್ ಯುದ್ಧವೆಂದೇ ಕರೆಯುವುದುಂಟು. ಕಾಡು, ಗದ್ದೆ, ಗುಡ್ಡಗಳ ಆ ನಾಡಿನಲ್ಲಿ ಸೈನಿಕರನ್ನು ಇಳಿಸುವುದು, ಮದ್ದುಗುಂಡು ಒಯ್ಯುವುದು, ಗಾಯಾಳುಗಳನ್ನು ಎತ್ತಿ ತರುವುದು ಬಹುಪಾಲು ಹೆಲಿಕಾಪ್ಟರುಗಳಿಂದಲೇ ನಡೆಯಿತು. ಸುಮಾರು 12,000 ಹೆಲಿಕಾಪ್ಟರುಗಳು ಅಲ್ಲಿ ಹಾರಿದವು. ಅವುಗಳಲ್ಲಿ 5,000ಕ್ಕೂ ಹೆಚ್ಚು ನಾಶವಾದವು. ಪೈಲಟ್‌ಗಳೂ ಇತರ ಸಿಬ್ಬಂದಿಯೂ ಸೇರಿ ಸುಮಾರು 5,000 ಜನ ಸತ್ತರು. ಅಂದರೆ ಆ ಗೋಡೆಯ ಮೇಲಿನ ಸುಮಾರು ಹನ್ನೆರಡು ಹೆಸರುಗಳಿಗೆ ಒಂದು ಹೆಲಿಕಾಪ್ಟರಿನವರದು.

‘ಹ್ಯೂಯಿ’ ಎಂದು ಹೆಸರಾದ ಹೆಲಿಕಾಪ್ಟರಿನಲ್ಲಿ ಸಾಮಾನ್ಯವಾಗಿ ನಾಲ್ಕು ಮಂದಿ ಇರುತ್ತಿದ್ದರು. ಮುಂದೆ ಇಬ್ಬರು ಪೈಲಟ್‌ಗಳು. ಹಿಂದೆ ತೆರೆದ ಬಾಗಿಲುಗಳ ಬಳಿ ಮೆಷಿನ್‌ಗನ್ ಹಿಡಿದ ಇಬ್ಬರು. ಅವರಲ್ಲೊಬ್ಬ ಬರಿಯ ಗನ್ನರ್. ಇನ್ನೊಬ್ಬನಿಗೆ ‘ಕ್ರೂ ಚೀಫ್’ ಎಂದು ಹೆಸರು. ಹೆಸರಿನಲ್ಲಿ ‘ಚೀಫ್’ ಇದ್ದರೂ ಅವನು ಅಧಿಕಾರಿಯಲ್ಲ, ಆ ಯಂತ್ರದ ಮೆಕ್ಯಾನಿಕ್. ಹಗಲೆಲ್ಲ ಹಾರಾಟ; ಸಂಜೆ ಇಳಿದ ಮೇಲೆ ಪೈಲಟ್‌ಗಳು ಮಲಗಲು ಹೋದರೆ ಇವನು ಟಾರ್ಚು ಹಿಡಿದು ಗ್ರೀಸು ಎಣ್ಣೆ ನೋಡಿ, ಗುಂಡು ತಾಗಿದ ತೂತುಗಳನ್ನೆಣಿಸಿ, ಮರುದಿನದ ಹಾರಾಟಕ್ಕೆ ಯಂತ್ರವನ್ನು ಸಿದ್ಧಮಾಡಬೇಕು. ಪೈಲಟ್‌ಗಳು ಬದಲಾಗುತ್ತಿದ್ದರು, ಹೆಲಿಕಾಪ್ಟರ್ ಇವನದೆಂದೇ ಲೆಕ್ಕ. ವಯಸ್ಸು ಹೆಚ್ಚಾಗಿ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಕಾಲೇಜಿಗೆ ಹೋಗದೆ ಹೈಸ್ಕೂಲು ಮುಗಿಸಿ ಬಂದ ಹುಡುಗರೇ ಬಹಳ. ಇಂಥವರಿಗೆ ಆಗ ಹೆಂಡತಿ ಮಕ್ಕಳಿರುವುದು ಕಡಿಮೆ. ಮನೆಯಲ್ಲಿ ಇರುತ್ತಿದ್ದವರು ತಂದೆ ತಾಯಿ ಮತ್ತು ಒಡಹುಟ್ಟಿದವರು. ಈ ಸಂಗತಿಯನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಇವರಲ್ಲಿ ಇಷ್ಟೊಂದು ಜನ ಏಕೆ ಸತ್ತರು ಎಂಬುದಕ್ಕೆ ಭೌತಶಾಸ್ತ್ರದ ಉತ್ತರವೂ ಇದೆ. ಹೆಲಿಕಾಪ್ಟರಿನ ಇಂಜಿನ್ ನಿಂತರೂ ಅದು ಕಲ್ಲಿನಂತೆ ಬೀಳಬೇಕಾಗಿಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿ ಮೇಲಿನ ರೆಕ್ಕೆಗಳನ್ನು ಗಿರಗಿಟ್ಲೆಯಂತೆ ತಿರುಗಿಸುತ್ತಿರುತ್ತದೆ. ಆ ತಿರುಗುವಿಕೆಯಲ್ಲಿ ಸಂಗ್ರಹವಾದ ಶಕ್ತಿಯನ್ನು ಕೊನೆಯ ಗಳಿಗೆಯಲ್ಲಿ ಬಳಸಿ ಪೈಲಟ್ ಮೆಲ್ಲನೆ ನೆಲಕ್ಕಿಳಿಸಬಲ್ಲ. ಆದರೆ ಇದಕ್ಕೆ ಒಂದೋ ಸಾಕಷ್ಟು ಎತ್ತರ ಬೇಕು, ಇಲ್ಲವೇ ಸಾಕಷ್ಟು ವೇಗ ಬೇಕು. ಸೈನಿಕರನ್ನು ಇಳಿಸಲು, ಗಾಯಾಳುಗಳನ್ನು ಎತ್ತಲು ಹೋದ ಹೆಲಿಕಾಪ್ಟರಿಗೆ ಎರಡೂ ಇರುವುದಿಲ್ಲ. ಮರದೆತ್ತರದಲ್ಲಿ ನಿಧಾನವಾಗಿ ತೂಗಾಡುವ ಆ ಕೆಲವು ಕ್ಷಣಗಳಲ್ಲಿಯೇ ಶತ್ರುವಿನ ಗುಂಡುಗಳೂ ಬರುತ್ತವೆ. ಪರರ ಪ್ರಾಣ ಉಳಿಸಲು ಇಳಿಯುವ ಕ್ಷಣವೇ ಅವರಿಗೆ ಅತ್ಯಂತ ಅಪಾಯದ ಕ್ಷಣ.

ಈಗ ಗೋಡೆಗೆ ಬರೋಣ. 1981ರಲ್ಲಿ ಈ ಸ್ಮಾರಕಕ್ಕಾಗಿ ನಡೆದ ಸ್ಪರ್ಧೆಗೆ 1,421 ವಿನ್ಯಾಸಗಳು ಬಂದವು. ತೀರ್ಪುಗಾರರಿಗೆ ಸ್ಪರ್ಧಿಗಳ ಹೆಸರು ತಿಳಿದಿರಲಿಲ್ಲ. ಗೆದ್ದವಳು ಮಾಯಾ ಲಿನ್, ಯೇಲ್ ವಿಶ್ವವಿದ್ಯಾಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿ. ಚೀನಾದಿಂದ ವಲಸೆ ಬಂದ ತಂದೆತಾಯಿಗಳ ಮಗಳು. ಅವಳ ಕಲ್ಪನೆ ಬಹಳ ಸರಳ. ನೆಲವನ್ನು ತಗ್ಗಿಸಿ, ಎರಡು ಕರಿಗೋಡೆಗಳನ್ನು ಒಂದು ಕೋನದಲ್ಲಿ ಕೂಡಿಸಿ, ಅವುಗಳ ಮೇಲೆ ಸತ್ತವರ ಮತ್ತು ಕಾಣೆಯಾದವರ ಹೆಸರುಗಳನ್ನು ಕೊರೆಯುವುದು. ವಿಗ್ರಹವಿಲ್ಲ, ಧ್ವಜವಿಲ್ಲ, ಜಯಘೋಷವಿಲ್ಲ. ಒಂದೊಂದು ಗೋಡೆಯ ಉದ್ದ 246 ಅಡಿಗೂ ಹೆಚ್ಚು. 1982ರ ನವೆಂಬರ್ 13ರಂದು ಇದನ್ನು ಅರ್ಪಿಸಿದಾಗ ಇದ್ದ ಹೆಸರುಗಳು 57,939; ನಂತರ ಸೇರಿದವೂ ಕೂಡಿ ಈಗ 58,000ಕ್ಕೂ ಹೆಚ್ಚು.

ಕಲ್ಲು ಬೆಂಗಳೂರಿನ ಕಪ್ಪು ಗ್ರಾನೈಟ್. ಅಲ್ಲಿಂದ ಹೋದ ಬಂಡೆಗಳನ್ನು ಅಮೆರಿಕದ ವರ್ಮಾಂಟಿನಲ್ಲಿ ಸೀಳಿ ಕನ್ನಡಿಯಂತೆ ನಯಮಾಡಿದರು. ಹೆಸರುಗಳನ್ನು ಟೆನೆಸ್ಸಿಯ ಮೆಂಫಿಸಿನಲ್ಲಿ ಕೊರೆದರು. ಇದನ್ನು ಕೇಳಿದಾಗ ನಮ್ಮವರಿಗೆ ಹೆಮ್ಮೆಯಾಗುವುದು ಸಹಜ. ಆದರೆ ಹೆಮ್ಮೆಗಿಂತ ಕಲ್ಲಿನ ಗುಣವನ್ನು ಗಮನಿಸುವುದು ಲೇಸು. ಆ ನಯದಿಂದಾಗಿ ಹೆಸರು ಓದುವವನಿಗೆ ಹೆಸರಿನ ಹಿಂದೆ ತನ್ನ ಮುಖವೇ ಕಾಣುತ್ತದೆ. ಒಡಹುಟ್ಟಿದವರ ಮಟ್ಟಿಗೆ ಇದಕ್ಕೆ ಬೇರೆಯ ಅರ್ಥವೂ ಇದೆ. ಅಣ್ಣನ ಹೆಸರಿನ ಹಿಂದೆ ಕಾಣುವ ತಮ್ಮನ ಮುಖದಲ್ಲಿ ಅಣ್ಣನ ಹೋಲಿಕೆ ಇರುತ್ತದೆ. ಇಪ್ಪತ್ತೊಂದಕ್ಕೇ ನಿಂತುಹೋದ ಅಣ್ಣ ಎಪ್ಪತ್ತಕ್ಕೆ ಹೇಗಿರುತ್ತಿದ್ದ ಎಂಬುದನ್ನು ಆ ಕಲ್ಲು ಸುಮಾರಾಗಿ ತೋರಿಸುತ್ತದೆ.

ಈ ಗೋಡೆಯ ನಿಜವಾದ ಹಿರಿಮೆ ಹೆಸರುಗಳ ಕ್ರಮದಲ್ಲಿದೆ ಎಂದು ನಮ್ಮ ಅಭಿಪ್ರಾಯ. ಅಕಾರಾದಿಯಾಗಿ ಬರೆದಿದ್ದರೆ ಹುಡುಕುವುದು ಸುಲಭವಾಗುತ್ತಿತ್ತು. ಆದರೆ ಸ್ಮಿತ್ ಎಂಬ ಹೆಸರಿನವರೇ 600ಕ್ಕೂ ಹೆಚ್ಚು. ಅದು ಟೆಲಿಫೋನ್ ಡೈರೆಕ್ಟರಿಯಾಗುತ್ತಿತ್ತೇ ಹೊರತು ಸ್ಮಾರಕವಾಗುತ್ತಿರಲಿಲ್ಲ. ಮಾಯಾ ಲಿನ್ ಹಟ ಹಿಡಿದು ದಿನಾಂಕದ ಕ್ರಮವನ್ನೇ ಉಳಿಸಿಕೊಂಡಳು. ಒಂದೇ ದಿನ ಬಿದ್ದವರು ಒಂದೇ ಕಡೆ. ಒಂದು ದಿನದೊಳಗೆ ಮಾತ್ರ ಅಕಾರಾದಿ. ಗಾಯಗೊಂಡು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ಸತ್ತವನ ಹೆಸರನ್ನೂ ಗಾಯವಾದ ದಿನದಲ್ಲಿಯೇ, ಜತೆಗಾರರ ನಡುವೆಯೇ ಇಟ್ಟಿದ್ದಾರೆ. ಹೀಗಾಗಿ ಒಂದು ಹೆಲಿಕಾಪ್ಟರ್ ಬಿದ್ದು ನಾಲ್ವರು ಸತ್ತಿದ್ದರೆ ಆ ನಾಲ್ವರ ಹೆಸರುಗಳು ಒಂದು ಕೈಯಳತೆಯ ಜಾಗದಲ್ಲಿ ಸಿಗುತ್ತವೆ. ನಮ್ಮಲ್ಲಿ ತಿಥಿ ನೋಡುವ ಪದ್ಧತಿ ಇರುವವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಆಯುಧದಿಂದ ಸತ್ತವರಿಗೆಂದು ಪಿತೃಪಕ್ಷದಲ್ಲಿ ಚತುರ್ದಶಿಯನ್ನು ಬೇರೆಯಾಗಿ ಇಟ್ಟವರಲ್ಲವೇ ನಾವು. ಸತ್ತವನು ಯಾರು ಎಂಬುದರಷ್ಟೇ ಎಂದು ಸತ್ತ ಎಂಬುದೂ ಮನೆಯವರಿಗೆ ಮುಖ್ಯ.

ಎರಡನೆಯ ಗುಣ, ಗೋಡೆಯ ಮೇಲೆ ಹುದ್ದೆ ಇಲ್ಲ. ಕರ್ನಲ್ಲನೂ ಸಿಪಾಯಿಯೂ, ಪೈಲಟ್ಟೂ ಮೆಕ್ಯಾನಿಕ್ಕೂ ಅರ್ಧ ಅಂಗುಲದ ಒಂದೇ ಅಕ್ಷರದಲ್ಲಿದ್ದಾರೆ. ಪದಕದ ಗುರುತೂ ಇಲ್ಲ. ಹವಾಯಿ ದ್ವೀಪದಲ್ಲಿ ಹುಟ್ಟಿದ ರಾಡ್ನಿ ಯಾನೋ ಎಂಬ ಕ್ರೂ ಚೀಫ್ 1969ರ ಜನವರಿ 1ರಂದು ಬಿಯೆನ್ ಹೋವಾ ಬಳಿ ಹಾರುತ್ತಿದ್ದಾಗ, ಗುರುತು ಹಾಕಲು ಎಸೆಯಬೇಕಾಗಿದ್ದ ಬಿಳಿ ರಂಜಕದ ಗ್ರೆನೇಡು ಹೆಲಿಕಾಪ್ಟರಿನೊಳಗೇ ಸಿಡಿಯಿತು. ಮೈಯೆಲ್ಲ ಸುಟ್ಟು, ಕಣ್ಣು ಮಂಜಾಗಿ, ಒಂದೇ ಕೈ ಉಳಿದಿದ್ದರೂ ಅವನು ಉರಿಯುತ್ತಿದ್ದ ಮದ್ದುಗುಂಡನ್ನು ಹೊರಗೆಸೆಯುತ್ತಲೇ ಇದ್ದ. ಉಳಿದವರು ಬದುಕಿದರು, ಅವನು ಸತ್ತ. ವಯಸ್ಸು ಇಪ್ಪತ್ತೈದು. ಅಮೆರಿಕದ ಅತ್ಯುನ್ನತ ಪದಕವಾದ ‘ಮೆಡಲ್ ಆಫ್ ಆನರ್’ ಅವನಿಗೆ ಮರಣೋತ್ತರವಾಗಿ ಸಂದಿತು. ಆದರೂ ಗೋಡೆಯ ಮೇಲೆ ಆ ದಿನದ ಹೆಸರುಗಳ ಪೈಕಿ ಅವನದೂ ಒಂದು ಹೆಸರು, ಅಷ್ಟೇ. ಹಾಗೆಯೇ ಎಲ್ಲರಿಗಿಂತ ಕೊನೆಯಲ್ಲಿ ಬರುವ ಹೆಸರು ರಿಚರ್ಡ್ ವಾಂಡೆಗೀರ್ ಎಂಬ ಹೆಲಿಕಾಪ್ಟರ್ ಸಹಪೈಲಟ್‌ನದು. 1975ರ ಮೇ 15ರಂದು ಕಾಂಬೋಡಿಯದ ಕೋ ತಾಂಗ್ ದ್ವೀಪದಲ್ಲಿ, ಸೆರೆಸಿಕ್ಕ ವ್ಯಾಪಾರಿ ಹಡಗಿನ ನಾವಿಕರನ್ನು ಬಿಡಿಸಲು ಹೋದ ದಾಳಿಯಲ್ಲಿ ಅವನ ಹೆಲಿಕಾಪ್ಟರ್ ಉರುಳಿತು. ಆ ನಾವಿಕರು ದ್ವೀಪದಲ್ಲಿ ಇರಲೇ ಇಲ್ಲ. ಅವರ ಬಿಡುಗಡೆ ಬೇರೆಡೆಯಲ್ಲಿ ಅದೇ ದಿನ ಆಯಿತು. ಇಷ್ಟನ್ನೂ ತಿಳಿಯಬೇಕಾದರೆ ಗೋಡೆಯ ಹೊರಗೆ ಹುಡುಕಬೇಕು. ಗೋಡೆ ಹೆಸರು ಬಿಟ್ಟು ಇನ್ನೇನನ್ನೂ ಹೇಳುವುದಿಲ್ಲ.

ಹೇಳುವ ಒಂದು ಸಂಗತಿಯೆಂದರೆ ಹೆಸರಿನ ಪಕ್ಕದ ಚಿಕ್ಕ ಗುರುತು. ಸತ್ತದ್ದು ಖಚಿತವಾದವರಿಗೆ ವಜ್ರಾಕೃತಿ. ಕಾಣೆಯಾದವರಿಗೆ ಕೂಡಿಸುವ ಚಿಹ್ನೆಯಂಥ ಗುರುತು. ಅವಶೇಷ ಸಿಕ್ಕಿ ಗುರುತಾದರೆ ಆ ಚಿಹ್ನೆಯ ಮೇಲೆಯೇ ವಜ್ರಾಕೃತಿಯನ್ನು ಕೆತ್ತುತ್ತಾರೆ. ಜೀವಂತ ಮರಳಿದರೆ ಸುತ್ತ ವೃತ್ತ ಬರೆಯುವುದೆಂದು ನಿಯಮ. ಅಂಥ ವೃತ್ತ ಬರೆಯುವ ಪ್ರಸಂಗ ಬರಲಿಲ್ಲ. ಕಾಡಿನಲ್ಲಿ, ಸಮುದ್ರದಲ್ಲಿ ಬಿದ್ದ ಹೆಲಿಕಾಪ್ಟರುಗಳ ಎಷ್ಟೋ ಮಂದಿಯ ಮನೆಗಳು ಈ ಗುರುತು ಬದಲಾಗುವುದನ್ನು ಇಪ್ಪತ್ತು ಮೂವತ್ತು ವರ್ಷ ಕಾದವು. ತಂದೆ ತಾಯಿ ಕಾಯುತ್ತಲೇ ತೀರಿಕೊಂಡ ಮನೆಗಳಲ್ಲಿ, ಕೊನೆಗೆ ಸುದ್ದಿ ಬಂದಾಗ ಬಾಗಿಲು ತೆರೆದವರು ತಮ್ಮನೋ ತಂಗಿಯೋ.

ಗೋಡೆಯನ್ನು ಆಗ ಖಂಡಿಸಿದವರ ವಾದ ಬೇರೆ ಬಗೆಯದು. ಕಪ್ಪು ಬಣ್ಣ ಅವಮಾನದ ಬಣ್ಣ, ತಗ್ಗಿನಲ್ಲಿರುವುದು ಹೂತಿಟ್ಟಂತೆ, ಶೌರ್ಯದ ಸುಳಿವಿಲ್ಲ ಎಂದು ಗದ್ದಲವಾಯಿತು. ರಾಜಿಯಾಗಿ 1984ರಲ್ಲಿ ಫ್ರೆಡ್ರಿಕ್ ಹಾರ್ಟ್ ಮಾಡಿದ ಮೂವರು ಸೈನಿಕರ ಕಂಚಿನ ವಿಗ್ರಹವನ್ನು ಸಮೀಪದಲ್ಲಿ ನಿಲ್ಲಿಸಿದರು. ಕೌಶಲವುಳ್ಳ ವಿಗ್ರಹವೇ ಸರಿ. ಆದರೆ ಅದು ಯಾರ ಅಣ್ಣನೂ ಅಲ್ಲ. ಎಲ್ಲರನ್ನೂ ಹೋಲಬೇಕೆಂದು ಮಾಡಿದ ಮುಖ ಯಾರನ್ನೂ ಹೋಲುವುದಿಲ್ಲ. ನಮ್ಮ ಆಕ್ಷೇಪಣೆಗೆ ವಿಗ್ರಹ ಪರಿಹಾರವಲ್ಲ. ನಮ್ಮ ಆಕ್ಷೇಪಣೆ ಇಷ್ಟೇ. ಈ ಕಲ್ಲು ಸತ್ತವನ ಹೆಸರನ್ನು ಹೇಳಿತು; ಅವನು ಹೇಗೆ ಸತ್ತನೆಂದು ಹೇಳಲಿಲ್ಲ, ಯಾರಿಗೆ ಏನಾಗಿದ್ದನೆಂದೂ ಹೇಳಲಿಲ್ಲ.

ನಮ್ಮ ವೀರಗಲ್ಲುಗಳು ಇವೆರಡನ್ನೂ ಹೇಳುತ್ತಿದ್ದವು. ಊರ ಹೊರಗೆ, ಕೆರೆಯ ಏರಿಯ ಮೇಲೆ, ಗುಡಿಯ ಪಕ್ಕದಲ್ಲಿ ನಿಂತ ಆ ಕಲ್ಲುಗಳನ್ನು ನೋಡದ ಕನ್ನಡಿಗನಿಲ್ಲ. ನಿಂತು ಓದಿದವರು ಕಡಿಮೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾದಾಟ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಅವನು ಶಿವಸನ್ನಿಧಿಯಲ್ಲಿ ಕುಳಿತಿರುವುದು. ನಡುವಿನ ಸಾಲುಗಳಲ್ಲಿ ಬರಹ. ತುರುಗೋಳಿನಲ್ಲಿ ಸತ್ತನೋ, ಊರಳಿವಿನಲ್ಲಿ ಸತ್ತನೋ, ಹೆಣ್ಣಿನ ಮಾನ ಕಾಯಲು ಹೋಗಿ ಪೆಣ್ಬುಯ್ಯಲಿನಲ್ಲಿ ಸತ್ತನೋ ಅಲ್ಲಿ ತಿಳಿಯುತ್ತದೆ. ಕಲ್ಲು ನಿಲ್ಲಿಸಿದವರು ಯಾರು ಎಂಬುದೂ ಎಷ್ಟೋ ಕಡೆ ಉಂಟು. ಹೆಂಡತಿ, ಮಗ, ಅಣ್ಣ, ತಮ್ಮ. ಸತ್ತವನ ಹೆಸರಿನೊಡನೆ ನೆನೆದವನ ನಂಟೂ ಕಲ್ಲಿಗೆ ಹತ್ತಿತು.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನೇ ನೋಡಿ. ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗದೊರೆ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿತು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷದ ಮೇಲೂ ಒಂದು ನಾಯಿಯ ಹೆಸರೇನು, ಅದನ್ನು ಪ್ರೀತಿಸಿದವರು ಯಾರು, ಅದು ಹೇಗೆ ಸತ್ತಿತು ಎಂಬುದು ನಮಗೆ ಗೊತ್ತು. ಅದೇ ನಾಡಿನ ಕಲ್ಲಿನ ಮೇಲೆ ವಾಷಿಂಗ್ಟನ್ನಿನಲ್ಲಿ ಹೆಸರು ಕೊರೆಸಿಕೊಂಡ ಹತ್ತೊಂಬತ್ತರ ಹುಡುಗನ ವಿಷಯದಲ್ಲಿ ಕಲ್ಲಿನಿಂದ ನಮಗೆ ತಿಳಿಯುವುದು ಹೆಸರು ಮಾತ್ರ.

ಹಾಗೆಂದು ವೀರಗಲ್ಲೇ ಮೇಲೆಂದು ತೀರ್ಪು ಕೊಡುವುದು ಅವಸರವಾದೀತು. ವೀರಗಲ್ಲಿನ ಮೇಲಿನ ಎರಡು ಪಟ್ಟಿಕೆಗಳು ದುಃಖಕ್ಕೆ ಬೇಗ ಮುಕ್ತಾಯ ಹಾಡಿಬಿಡುತ್ತವೆ. ಅಪ್ಸರೆಯರು ಬಂದರು, ಸ್ವರ್ಗ ಸಿಕ್ಕಿತು. ಇನ್ನು ಅಳುವುದೇಕೆ ಎಂಬ ಧಾಟಿ ಅಲ್ಲಿದೆ. ಮಾಯಾ ಲಿನ್ನಳ ಗೋಡೆ ಹಾಗೆ ಸಮಾಧಾನ ಹೇಳಲು ಹೋಗುವುದಿಲ್ಲ. ಇದು ಅದರ ಪ್ರಾಮಾಣಿಕತೆ. ಆದರೆ ಎರಡಕ್ಕೂ ಸಮಾನವಾದ ಒಂದು ಕೊರತೆ ಇದೆ. ಎದುರಾಳಿಯ ಮನೆಯವರಿಗೆ ಎರಡು ಕಲ್ಲಿನಲ್ಲಿಯೂ ಜಾಗವಿಲ್ಲ. ಹೋರಾಡಿದವರೇ 11 ಲಕ್ಷ, ನಾಗರಿಕರು ಸುಮಾರು 20 ಲಕ್ಷ ಸತ್ತರೆಂದು ವಿಯೆಟ್ನಾಮ್ ಸರಕಾರ 1995ರಲ್ಲಿ ಅಂದಾಜು ಕೊಟ್ಟಿತು. ಅವರಿಗೂ ಅಣ್ಣತಮ್ಮಂದಿರಿದ್ದರು. ಹೆಲಿಕಾಪ್ಟರಿನ ತೆರೆದ ಬಾಗಿಲಲ್ಲಿ ಕುಳಿತ ಹುಡುಗ ಗಾಯಾಳುಗಳನ್ನು ಎತ್ತಿದ್ದೂ ಉಂಟು, ಕೆಳಗಿನ ಗದ್ದೆಗಳತ್ತ ಗುಂಡು ಹಾರಿಸಿದ್ದೂ ಉಂಟು. ತನ್ನ ತಮ್ಮನನ್ನು ನಿಜವಾಗಿ ನೆನೆಯುವ ಅಕ್ಕ ಈ ಎರಡನ್ನೂ ಒಟ್ಟಿಗೆ ನೆನೆಯಬೇಕಾಗುತ್ತದೆ. ಇದು ಕಲ್ಲಿನಿಂದ ಆಗುವ ಕೆಲಸವಲ್ಲ. ಮನುಷ್ಯನ ಮನಸ್ಸಿನಿಂದ ಮಾತ್ರ ಸಾಧ್ಯ.

ಚಿತ್ರದಿಂದ ಆದೀತೇ? ಲ್ಯಾರಿ ಬರೋಸ್ ಎಂಬ ಇಂಗ್ಲಿಷ್ ಛಾಯಾಗ್ರಾಹಕನ ಪ್ರಸಿದ್ಧ ಚಿತ್ರಮಾಲೆಯೊಂದು 1965ರ ಏಪ್ರಿಲ್ 16ರ ‘ಲೈಫ್’ ಪತ್ರಿಕೆಯಲ್ಲಿ ಬಂತು. ‘ಯಾಂಕಿ ಪಾಪಾ 13’ ಎಂಬ ಹೆಲಿಕಾಪ್ಟರಿನ ಕ್ರೂ ಚೀಫ್, ಇಪ್ಪತ್ತೊಂದು ವರ್ಷದ ಜೇಮ್ಸ್ ಫಾರ್ಲಿಯ ಒಂದು ದಿನ ಅದರ ವಸ್ತು. ಹೊರಡುವಾಗ ಹುಡುಗನ ಮುಖದಲ್ಲಿ ನಗು. ಮರಳುವಾಗ ನೆಲದ ಮೇಲೆ ಬೇರೊಂದು ಹೆಲಿಕಾಪ್ಟರಿನ ಪೈಲಟ್ ಸಾಯುತ್ತಿದ್ದಾನೆ. ಕೊನೆಯಲ್ಲಿ ಫಾರ್ಲಿ ಉಗ್ರಾಣದ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಬಾಗಿ ಅಳುತ್ತಿದ್ದಾನೆ. ಪದಕದ ಪ್ರಶಸ್ತಿಪತ್ರಗಳು ಹೇಳದ ಮಾತನ್ನು ಈ ಕೊನೆಯ ಚಿತ್ರ ಹೇಳುತ್ತದೆ. ಬರೋಸನೂ 1971ರ ಫೆಬ್ರವರಿ 10ರಂದು ಲಾವೋಸಿನ ಮೇಲೆ ಹೆಲಿಕಾಪ್ಟರ್ ಉರುಳಿಯೇ ಸತ್ತ. ಇಷ್ಟಾದರೂ ಆ ಚಿತ್ರಮಾಲೆ ನಮಗೆ ಕೊಡುವುದು ಜತೆಗಾರನ ಅಳುವನ್ನು. ತಂತಿ ತಲುಪಿದ ಮನೆಯೊಳಗೆ ಕ್ಯಾಮೆರಾ ಹೋಗಿಲ್ಲ.

ಮನೆಯವರು ತಾವೇ ಗೋಡೆಗೆ ಬಂದರು. ಇಡೀ ಸ್ಮಾರಕದ ಇತಿಹಾಸದಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ತಟ್ಟಿದ ಸಂಗತಿ ಇದು. 1982ರಲ್ಲಿ ಅಡಿಪಾಯಕ್ಕೆ ಕಾಂಕ್ರೀಟು ಸುರಿಯುತ್ತಿದ್ದಾಗ ನೌಕಾಪಡೆಯ ಅಧಿಕಾರಿಯೊಬ್ಬ ಬಂದು, ಮಡಿದ ತನ್ನ ಸಹೋದರನಿಗೆ ಸಂದಿದ್ದ ‘ಪರ್ಪಲ್ ಹಾರ್ಟ್’ ಪದಕವನ್ನು ಹಸಿ ಕಾಂಕ್ರೀಟಿನೊಳಗೆ ಹಾಕಿ ಹೋದನೆಂದು ಹೇಳುತ್ತಾರೆ. ಗೋಡೆ ಮೇಲೇಳುವ ಮುನ್ನವೇ ಅದರ ಬುಡದಲ್ಲಿ ಒಡಹುಟ್ಟಿದವನ ಕಾಣಿಕೆ ಸೇರಿತು. ಅಂದಿನಿಂದ ಜನ ಇಟ್ಟುಹೋದ ವಸ್ತುಗಳು ಲಕ್ಷಗಟ್ಟಲೆ. ಪತ್ರಗಳು, ಭಾವಚಿತ್ರಗಳು, ಬೂಟುಗಳು, ಆಟಿಕೆಗಳು, ಹುಟ್ಟುಹಬ್ಬದ ಕಾರ್ಡುಗಳು. ಹೂವಿನಂಥ ಬಾಡುವ ವಸ್ತು ಬಿಟ್ಟು ಉಳಿದವನ್ನು ಅಲ್ಲಿಯ ಉದ್ಯಾನ ಇಲಾಖೆ ಜೋಪಾನಮಾಡಿ ಇಟ್ಟಿದೆ. ಲಾರಾ ಪಾಮರ್ ಎಂಬ ಪತ್ರಕರ್ತೆ ಅಂಥ ಪತ್ರಗಳನ್ನು ಬರೆದವರನ್ನು ಹುಡುಕಿ ಮಾತಾಡಿಸಿ 1987ರಲ್ಲಿ ಒಂದು ಪುಸ್ತಕವನ್ನೇ ತಂದಳು. ಇನ್ನು ಕೆಲವರು ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ನಮ್ಮ ಶಾಸನಗಳ ಅಚ್ಚು ತೆಗೆಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಕೊಟ್ಟ ರೈಸ್ ಸಾಹೇಬರ ಕೆಲಸವೂ ಇದೇ ಜಾತಿಯದು. ವ್ಯತ್ಯಾಸವೆಂದರೆ ಇಲ್ಲಿ ಅಚ್ಚು ತೆಗೆಯುವವಳು ಸ್ವಂತ ತಂಗಿ, ಶಾಸನ ಒಂದೇ ಸಾಲಿನದು. ಹೀಗೆ ಕಲ್ಲು ಬಿಟ್ಟದ್ದನ್ನು ಮನೆಯವರು ತುಂಬಿದರು. ಗೋಡೆ ಏನನ್ನೂ ಹೇಳದೆ ಬಿಟ್ಟದ್ದರಿಂದಲೇ ಅವರಿಗೆ ಹೇಳಲು ಜಾಗ ಸಿಕ್ಕಿತು ಎಂಬುದನ್ನೂ ನ್ಯಾಯವಾಗಿ ಒಪ್ಪಬೇಕು.

ಇಷ್ಟು ಹೇಳಿದ ಮೇಲೆ ಒಡಹುಟ್ಟಿದವರನ್ನೇ ಏಕೆ ಎತ್ತಿ ಆಡುತ್ತೇವೆ ಎಂಬುದಕ್ಕೆ ಉತ್ತರ ಕೊಡಬೇಕು. ಸರಕಾರಿ ಕಡತಗಳ ನಡುವೆ ದಿನಗಳೆಯುವ ನಮ್ಮಂಥವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ‘ಕುಟುಂಬ’ ಎಂಬ ಪದಕ್ಕೆ ನಿಯಮಗಳಲ್ಲಿ ಪಟ್ಟಿ ಇದೆ. ಮೊದಲು ಹೆಂಡತಿ ಅಥವಾ ಗಂಡ, ಆಮೇಲೆ ಮಕ್ಕಳು, ಆಮೇಲೆ ತಂದೆ ತಾಯಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಬರುವುದಾದರೆ ಪಟ್ಟಿಯ ಬಾಲದಲ್ಲಿ, ಅದೂ ವಯಸ್ಸು, ಅವಲಂಬನೆ, ಅಂಗವೈಕಲ್ಯ ಮುಂತಾದ ಷರತ್ತುಗಳೊಡನೆ. ಹಣದ ಲೆಕ್ಕಕ್ಕೆ ಇದು ಸರಿಯೇ ಇರಬಹುದು. ನೆನಪಿನ ಲೆಕ್ಕದಲ್ಲಿ ಈ ಪಟ್ಟಿ ತಲೆಕೆಳಗು. ತಂದೆ ತಾಯಿ ಹೇಗಿದ್ದರೂ ಮೊದಲು ಹೋಗುವವರು. ಹೆಂಡತಿ ಇದ್ದರೆ ಅವಳಿಗೆ ಗೊತ್ತಿರುವುದು ದೊಡ್ಡವನಾದ ಮೇಲಿನವನು. ಅವನು ಮರ ಹತ್ತಿ ಬಿದ್ದದ್ದು, ಪರೀಕ್ಷೆಯ ಅಂಕಪಟ್ಟಿ ಬಚ್ಚಿಟ್ಟದ್ದು, ಕತ್ತಲಿಗೆ ಹೆದರುತ್ತಿದ್ದದ್ದು, ಒಂದೇ ಹೊದಿಕೆಗಾಗಿ ಜಗಳವಾಡಿದ್ದು, ಇವನ್ನೆಲ್ಲ ಕೊನೆಯವರೆಗೆ ಬಲ್ಲ ಸಾಕ್ಷಿ ಒಡಹುಟ್ಟಿದವರು ಮಾತ್ರ. ಅವರು ಹೋದ ದಿನ ಆ ಹುಡುಗ ಬರಿಯ ಹೆಸರಾಗುತ್ತಾನೆ. ನಮ್ಮ ಮನೆಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ. ಅಣ್ಣನನ್ನು ಹೆಸರು ಹಿಡಿದು ಕರೆಯುವ ರೂಢಿ ಬಹಳ ಮನೆಗಳಲ್ಲಿ ಇಲ್ಲ. ಸರಕಾರ ಕಲ್ಲಿನ ಮೇಲೆ ಬರೆಸುವ ಹೆಸರು ತಂಗಿ ಬದುಕಿನಲ್ಲಿ ಒಮ್ಮೆಯೂ ಅವನನ್ನು ಕರೆಯದ ಹೆಸರು. ಅವಳ ಪಾಲಿಗೆ ಅವನು ‘ಅಣ್ಣ’. ಆ ಪದ ಯಾವ ಸ್ಮಾರಕದ ಮೇಲೂ ಇರುವುದಿಲ್ಲ.

ನಮ್ಮ ದೆಹಲಿಯಲ್ಲಿಯೂ ಕಲ್ಲಿನ ಮೇಲಿನ ಹೆಸರುಗಳಿಗೆ ಕೊರತೆಯಿಲ್ಲ. 1931ರ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಬಹುಪಾಲು ಕಣ್ಣಿಗೆಟುಕದ ಎತ್ತರದಲ್ಲಿ. 2019ರ ಫೆಬ್ರವರಿ 25ರಂದು ಅದರ ಪಕ್ಕದಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳು ತ್ಯಾಗಚಕ್ರದ ಗೋಡೆಗಳಲ್ಲಿ ಇಟ್ಟಿಗೆಯಾಕಾರದ ಗ್ರಾನೈಟ್ ಫಲಕಗಳ ಮೇಲೆ ಹೊನ್ನಿನ ಬಣ್ಣದ ಅಕ್ಷರಗಳಲ್ಲಿವೆ. ಇಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಒಂದು ಇಟ್ಟಿಗೆ; ಕೈಗೆ ನಿಲುಕುವಂತಿವೆ. ಇದು ಮೆಚ್ಚತಕ್ಕ ವಿಷಯ. ಸಂಜೆ ಹುತಾತ್ಮರ ಕುಟುಂಬದವರಿಂದ ಪುಷ್ಪಚಕ್ರ ಇಡಿಸುವ ಪದ್ಧತಿಯೂ ಇದೆ. ವಾಷಿಂಗ್ಟನ್ನಿಗಿಂತ ಭಿನ್ನವಾಗಿ ಇಲ್ಲಿ ಹುದ್ದೆಯನ್ನು ಬರೆದಿದ್ದಾರೆ. ಕಾರ್ಗಿಲ್ ಯುದ್ಧದಲ್ಲಿ 1999ರ ಮೇ 28ರಂದು ತೋಲೋಲಿಂಗ್ ಬಳಿ ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಸಿಕ್ಕಿ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರೊಂದು ಉರುಳಿದಾಗ ಸತ್ತವರು ನಾಲ್ವರು. ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್, ಸಾರ್ಜೆಂಟ್ ಆರ್.ಕೆ. ಸಾಹು. ಇಬ್ಬರು ಅಧಿಕಾರಿಗಳು, ಇಬ್ಬರು ಸಾರ್ಜೆಂಟರು. ಹೆಲಿಕಾಪ್ಟರ್ ಒಂದೇ, ಸಾವೂ ಒಂದೇ. ನಾಲ್ಕು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ಕರ್ತವ್ಯ. ಆದರೆ ಇವರ ಒಡಹುಟ್ಟಿದವರಿಗೆ ಗೊತ್ತಿರುವುದರಲ್ಲಿ ಒಂದು ಪಾಲೂ ನಮಗೆ ಗೊತ್ತಿಲ್ಲ. ಕಲ್ಲು ನಮಗೆ ಅದನ್ನು ಹೇಳಲಾರದು.

ಕೊನೆಗೆ ನಮ್ಮ ಬರವಣಿಗೆಯ ಮಾತು. ಪತ್ರಿಕೆಗಳಲ್ಲಿ, ಸಂಘಗಳ ಸಂಚಿಕೆಗಳಲ್ಲಿ ಅಚ್ಚಾಗುವ ಶ್ರದ್ಧಾಂಜಲಿಗಳನ್ನು ಓದಿ ನೋಡಿ. ‘ವೀರಮರಣವನ್ನಪ್ಪಿದರು’, ‘ಅಮರರಾದರು’, ‘ತುಂಬಲಾರದ ನಷ್ಟ’. ಹೆಸರು ಬದಲಿಸಿದರೆ ಅದೇ ಶ್ರದ್ಧಾಂಜಲಿ ಇನ್ನೊಬ್ಬರಿಗೂ ಹೊಂದುತ್ತದೆ. ಇದು ಮೂವರು ಸೈನಿಕರ ಆ ಕಂಚಿನ ವಿಗ್ರಹದ ದೋಷವೇ. ಬರೆಯುವವರ ದುಃಖ ನಿಜವಾದದ್ದು. ಆ ದುಃಖಕ್ಕೆ ಮಾತು ಮಾತ್ರ ಎರವಲು. ಒಬ್ಬ ಸತ್ತ ತಮ್ಮನನ್ನು ಕುರಿತು ‘ಅವನು ಧೈರ್ಯಶಾಲಿ’ ಎಂದು ಹತ್ತು ಸಲ ಬರೆಯುವುದಕ್ಕಿಂತ, ರಜೆಗೆ ಬಂದಾಗ ಅವನು ಯಾವ ತಿಂಡಿ ಕೇಳುತ್ತಿದ್ದ, ಕೊನೆಯ ಕಾಗದದಲ್ಲಿ ಹಣದ ವಿಷಯ ಏನು ಬರೆದಿದ್ದ, ಯಾರ ಸಾಲ ತೀರಿಸಬೇಕೆಂದಿದ್ದ ಎಂದು ಒಂದು ಸಲ ಬರೆದರೆ ಸಾಕು, ಆತ ಕಣ್ಣ ಮುಂದೆ ನಿಲ್ಲುತ್ತಾನೆ. ಅವನ ಕೋಪವನ್ನೂ ಬರೆಯಬಹುದು, ಅವನೊಡನೆ ಮಾತು ಬಿಟ್ಟ ದಿನಗಳನ್ನೂ ಬರೆಯಬಹುದು. ಅದರಿಂದ ಅವನ ಗೌರವ ಕಡಿಮೆಯಾಗುವುದಿಲ್ಲ.

ಆದ್ದರಿಂದ ನಮ್ಮ ತೀರ್ಮಾನ ಇದು. ಹೆಸರನ್ನು ಕಲ್ಲಿನ ಮೇಲೆ ಬರೆಯುವುದು ಸರಕಾರದ ಕೆಲಸ. ಮಾಯಾ ಲಿನ್ನಳ ಗೋಡೆ ಆ ಕೆಲಸವನ್ನು ಬೇರೆ ಸ್ಮಾರಕಗಳಿಗಿಂತ ಚೆನ್ನಾಗಿ ಮಾಡಿದೆ. ಹೆಸರಿನ ಹಿಂದಿನ ಮನುಷ್ಯನನ್ನು ಉಳಿಸುವುದು ಒಡಹುಟ್ಟಿದವರ ಕೆಲಸ. ಅದನ್ನು ಯಾವ ಶಿಲ್ಪಿಗೂ ವಹಿಸಿಕೊಡಲಾಗದು. ವಲಸೆ ಬಂದ ನಮ್ಮಂಥ ಕುಟುಂಬಗಳಲ್ಲಿ ಈ ಕೆಲಸ ಇನ್ನಷ್ಟು ತುರ್ತಿನದು. ಊರಿನಲ್ಲಿದ್ದರೆ ನೆರೆಹೊರೆಯವರೂ ಹಳೆಯ ಮೇಷ್ಟರೂ ಒಂದೆರಡು ಮಾತು ಹೇಳಿಯಾರು. ಇಲ್ಲಿ ನಮ್ಮ ಮಕ್ಕಳಿಗೆ ದೊಡ್ಡಪ್ಪನೆಂದರೆ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಮಾತ್ರ. ಸೈನ್ಯದಲ್ಲಿರಲಿ, ಬೇರೆಲ್ಲೇ ಇರಲಿ, ಒಡಹುಟ್ಟಿದವರನ್ನು ಕಳೆದುಕೊಂಡ ಓದುಗರು ನಾಲ್ಕು ಪುಟವನ್ನಾದರೂ ಕನ್ನಡದಲ್ಲಿ, ಮನೆಯಲ್ಲಿ ಆಡುವ ಮಾತಿನಲ್ಲಿ ಬರೆದಿಡಬೇಕೆಂದು ಕೋರುತ್ತೇವೆ. ಅಚ್ಚಾಗಲೇಬೇಕೆಂದಿಲ್ಲ. ತಾರೀಖು ಹಾಕಿ, ಯಾರು ಬರೆದದ್ದು, ಅವರಿಗೆ ಸತ್ತವರು ಏನಾಗಬೇಕು ಎಂಬುದನ್ನು ಮರೆಯದೆ ಬರೆದು, ಮನೆಯ ಕಾಗದಪತ್ರಗಳೊಡನೆ ಇಟ್ಟರೆ ಸಾಕು.